ಮಿಡಿಗೆ ಉಪ್ಪು, ನನಗೆ ಕೀಮೋ

ಕಾಯಿಲೆಯವರ ಮನೆಯಲ್ಲಿ ನಗಬಾರದು ಎಂದು ಯಾರು ಹೇಳಿದರೋ, ಅವರನ್ನು ಸಿದ್ದಾಪುರಕ್ಕೆ ಕರೆತಂದು ನಮ್ಮ ಜಗುಲಿಯ ಮೇಲೆ ಒಂದು ವಾರ ಕೂರಿಸಬೇಕು. ನಾನೇನು ನಗಬೇಕು ಅಂತ ಹೊರಟವಳಲ್ಲ. ಸಿಟ್ಟು ಮಾಡಬೇಕು ಅಂತಲೇ ಹೊರಟವಳು. ಆದರೆ ಸಿಟ್ಟು ಮೂಗಿನ ತುದಿಗೆ ಬರುವಷ್ಟರಲ್ಲಿ ಯಾರಾದರೂ ಒಬ್ಬರು ಏನಾದರೂ ಒಂದು ಹೇಳಿ ಕೆಲಸ ಕೆಡಿಸುತ್ತಿದ್ದರು.

ನನ್ನ ಕಸುಬು ಉಪ್ಪಿನಕಾಯಿ. ಮಾವಿನ ಅಪ್ಪೆಮಿಡಿ ಬಂತೆಂದರೆ ನನ್ನ ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬರೀ ಜಾಡಿ. ನನ್ನ ನಾಲಿಗೆಗೆ ಊರಲ್ಲಿ ಎರಡು ಹೆಸರು. ಅಡುಗೆಯವರು 'ಉಪ್ಪು ನೋಡುವ ನಾಲಿಗೆ' ಅಂತಾರೆ. ಮದುವೆಮನೆಯಲ್ಲಿ ಸಾರು ಕುದಿಯುವಾಗ ನನ್ನನ್ನೇ ಕರೆಯುವುದು. ಉಳಿದವರು ಇಟ್ಟ ಹೆಸರು ಬೇರೆ ಇದೆ, ಅದು ಇಲ್ಲಿ ಬೇಡ. ಯಾರ ಮನೆಯಲ್ಲಿ ಉಂಡರೂ "ಉಪ್ಪು ಒಂದು ಕಲ್ಲು ಹೆಚ್ಚಾತು" ಅಂತಲೋ "ಕಮ್ಮಿ ಆತು" ಅಂತಲೋ ಹೇಳದೆ ಎಲೆ ಬಿಟ್ಟು ಎದ್ದವಳಲ್ಲ ನಾನು.

ಅಂಥವಳಿಗೆ ಎದೆಯಲ್ಲಿ ಗಂಟು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಇನ್ನು ಕೀಮೋ ಅಂದರು ಡಾಕ್ಟರು. "ಆಗಲಿ. ಆದರೆ ಈ ವರ್ಷದ ಮಿಡಿ ಹಾಕೋದೂ ನಾನೇ, ಅದನ್ನ ಕೂತು ಉಣ್ಣೋದೂ ನಾನೇ" ಅಂತ ಅಲ್ಲೇ ಹೇಳಿದೆ. ಡಾಕ್ಟರಿಗೆ ಮಿಡಿ ಅಂದರೆ ಏನಂತ ತಿಳಿಯಲಿಲ್ಲ. ಹಟ ಅಂದರೆ ಏನಂತ ತಿಳಿಯಿತು.

ಚಿಕ್ಕಮ್ಮನ ಕಿವಿ

ಇಡಗುಂದಿಯಲ್ಲಿ ನನ್ನ ಚಿಕ್ಕಮ್ಮ ಇದ್ದಾಳೆ. ಅಮ್ಮ ಹೋದ ಮೇಲೆ ನನಗೆ ತವರು ಅಂದರೆ ಅವಳೇ. ಕಿವಿ ಸ್ವಲ್ಪ ಮಂದ, ಬಾಯಿ ಬಹಳ ಚುರುಕು. ಫೋನು ಮಾಡಿ ವಿಷಯ ಹೇಳಿದೆ.

"ಆಪರೇಷನ್ ಚೊಲೊ ಆಜು ಚಿಕ್ಕಮ್ಮಾ. ಇನ್ನು ಮೂರು ವಾರಕ್ಕೊಂದು ಸಲ ಕೀಮೋ ಕೊಡ್ತ."

ಆ ಕಡೆ ಫೋನು ಇನ್ನೊಂದು ಕಿವಿಗೆ ಬದಲಾದ ಸದ್ದು. ಆಮೇಲೆ ನಿಧಾನವಾಗಿ, "ಖೀಮಾವಾ?"

ಚಿಕ್ಕಮ್ಮ ಯಲ್ಲಾಪುರ ಪೇಟೆಗೆ ಹೋಗುವ ದಾರಿಯಲ್ಲಿ ಒಂದು ಮಾಂಸದ ಹೋಟೆಲಿನ 'ಖೀಮಾ' ಬೋರ್ಡು ಇದೆ. ಅದನ್ನು ಅವಳು ವರ್ಷಗಟ್ಟಲೆಯಿಂದ ಓದಿ, ಮುಖ ತಿರುಗಿಸಿ, ಮುಂದೆ ಹೋಗುತ್ತ ಬಂದವಳು.

"ಖೀಮಾ ಅಲ್ದೇ, ಕೀಮೋ! ತಿನ್ನೋದಲ್ಲ, ನರಕ್ಕೆ ಹಾಕೋದು!"

"ಶಿವ ಶಿವಾ! ಖೀಮಾನ ನರಕ್ಕೇ ಹಾಕ್ತ್ವಾ?"

ಮರುದಿನದಿಂದ ನೆಂಟರ ಫೋನು ಶುರು. ಎಲ್ಲರದೂ ಒಂದೇ ಸಮಾಧಾನ. "ಜೀವ ಉಳಿಸ್ಕಳಲೆ ಎಂತ ಮಾಡಿದ್ರೂ ದೋಷ ಇಲ್ಲೆ ತಂಗಿ. ಮುಗಿದ ಮೇಲೆ ಒಂದು ಸಣ್ಣ ಪ್ರಾಯಶ್ಚಿತ್ತ ಮಾಡಿಸಿದ್ರೆ ಆತು." ವೈದಿಕರೊಬ್ಬರು ಮಾತ್ರ ದೂರಾಲೋಚನೆಯವರು. "ಯಜಮಾನ್ರೂ ಜೊತೆಗೆ ಹೋಗ್ತ್ರಡ. ಅವರ ಊಟವೂ ಅಲ್ಲೇ ಆಗ್ತನಾ, ಅಥವಾ ಅವರ ಪ್ರಾಯಶ್ಚಿತ್ತ ಬೇಡದಾ?" ಅಂತ ಕೇಳಿದರು.

ಸೊನ್ನೆ ಉಪ್ಪು

ಎರಡನೇ ಕೀಮೋ ಹೊತ್ತಿಗೆ ನನ್ನ ನಾಲಿಗೆ ಸತ್ತಿತು. ಏನು ತಿಂದರೂ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ತಲೆಕೂದಲು ಹೋದಾಗ ನಾನು ಅತ್ತಿರಲಿಲ್ಲ. ನಾಲಿಗೆ ಹೋದಾಗ ಬಚ್ಚಲಿಗೆ ಹೋಗಿ ಅತ್ತೆ.

ಅಡುಗೆಮನೆ ಇವರ ಕೈಗೆ ಬಂತು. ಇವರು ಅಂದರೆ ನನ್ನ ಗಂಡ, ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರಾದವರು. ಒಲೆಯ ಮುಂದೆ ನಿಂತು ಕೂಗಿದರು, "ಹುಳಿಗೆ ಉಪ್ಪು ಎಷ್ಟು?"

"ರುಚಿಗೆ ತಕ್ಕಷ್ಟು."

"ಯಾರ ರುಚಿಗೆ ಹೇಳು."

"ಯನ್ನ ರುಚಿಗೇ ಹಾಕಿ. ಈ ಮನೇಲಿ ಇನ್ಯಾರ ರುಚಿಗೆ ಹಾಕಿದ್ದಿದ್ದು?"

"ನಿಂಗೆ ರುಚಿಯೇ ಇಲ್ಲೆ ಅಲ್ದನೇ. ಹಂಗಾದ್ರೆ ಉಪ್ಪು ಸೊನ್ನೆ."

ಹಾಕಲೇ ಇಲ್ಲ! ಆ ಹುಳಿಯನ್ನು ನಾನು ತುಟಿ ಪಿಟಕ್ಕೆನ್ನದೆ ಉಂಡೆ. ಎದುರಿಗೆ ಕೂತ ನಮ್ಮ ಅತ್ತೆ ಒಂದು ತುತ್ತು ಬಾಯಿಗಿಟ್ಟವರು ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಬರೀ ನೀರಿನ ಹಾಂಗೆ ಇದ್ದು ಹುಳಿ. ಆದ್ರೂ ಇದು ಒಂದು ಮಾತು ಆಡ್ತಿಲ್ಲೆ. ಇದಕ್ಕೆ ಖರೇ ಸೀಕು ಬಂಜು."

ಅಲ್ಲಿಯವರೆಗೆ ಯಾವ ರಿಪೋರ್ಟಿಗೂ ಅವರು ಹೆದರಿರಲಿಲ್ಲ. ಅವತ್ತೇ ತೀರ್ಪು ಕೊಟ್ಟುಬಿಟ್ಟರು. "ಸ್ಕ್ಯಾನಿಂಗು ಗೀನಿಂಗು ಆ ಬದಿಗಿರಲಿ. ಇದು ಯಾವತ್ತು ಉಪ್ಪಿನ ತಕರಾರು ತೆಗೀತೋ, ಅವತ್ತೇ ಇದಕ್ಕೆ ಗುಣ ಆತು ಹೇಳಿ."

ಇವರು ಮಾತ್ರ ಬಹಳ ಖುಷಿಯಲ್ಲಿದ್ದರು. ಮದುವೆಯಾದಾಗಿನಿಂದ ಮೊದಲ ಸಲ ತಮ್ಮ ಅಡುಗೆ ಪಾಸಾಯಿತು ಅಂದುಕೊಂಡು ಮರುದಿನವೂ ಅದೇ ಹುಳಿ ಮಾಡಿದರು.

ಮಡಿ

ರಕ್ತದಲ್ಲಿ ಬಿಳಿ ಕಣ ಇಳಿದಿವೆ, ಸೋಂಕು ತಗುಲಿದರೆ ಕಷ್ಟ, ಯಾರೂ ಹತ್ತಿರ ಬರಬಾರದು, ಕೈ ತೊಳೆಯದೆ ಮುಟ್ಟಬಾರದು, ಬಿಸಿಬಿಸಿ ಬೇಯಿಸಿದ್ದೇ ಆಗಬೇಕು ಅಂತ ಡಾಕ್ಟರು ಹೇಳಿ ಕಳಿಸಿದರು. ಮನೆಗೆ ಬಂದು ಇವರು ಅದನ್ನು ತಾಯಿಗೆ ಹೇಳಿದರು. ಅತ್ತೆಯ ಮುಖ ಅರಳಿತು ನೋಡಿ! ಮಡಿ ಮಡಿ ಅಂತ ಜೀವಮಾನವಿಡೀ ಕೂಗಿದವರು, ಮೊಮ್ಮಕ್ಕಳ ನಗೆಗೆ ಗುರಿಯಾದವರು. ಈಗ ಹುಬ್ಬಳ್ಳಿಯಿಂದಲೇ ಅಪ್ಪಣೆ ಬಂದಿದೆ.

ಬಾಗಿಲಲ್ಲಿ ಕೋಲು ಹಿಡಿದು ಕೂತರು. ಕೋಲಸಿರ್ಸಿಯಿಂದ ನನ್ನ ನಾದಿನಿಯ ಮಗಳು ಬಂದಳು. ಕಾಲೇಜಿನಲ್ಲಿ ಪಾಠ ಹೇಳುವವಳು, ಪ್ರೀತಿಯ ಹುಡುಗಿ. ಅಳುತ್ತಾ ಬಂದವಳು ನನ್ನನ್ನು ತಬ್ಬಿಕೊಳ್ಳಲು ಓಡಿದಳು.

"ಮುಟ್ಟಡ!" ಕೋಲು ಅಡ್ಡ ಬಂತು. "ಕಾಲು ತೊಳಿ. ಕೈಗೆ ಸಾಬೂನು ಹಾಕು. ಅಕಾ, ಆ ಕಂಬದ ಹತ್ರ ಕೂತ್ಗ."

"ಅಜ್ಜೀ, ಈಗಿನ ಕಾಲದಲ್ಲೂ ನಿಂಗಳ ಮಡಿ ಬಿಡ್ತಿಲ್ಲೆ ಅಲ್ದಾ!"

"ಇದು ಯನ್ನ ಮಡಿ ಅಲ್ಲ ಕೂಸೇ, ಡಾಕ್ಟ್ರದ್ದು" ಅಂದರು ಅತ್ತೆ. "ಆಪರೇಷನ್ ಆದಾಗ ಬೋರ್ಡು ಕಂಡಿದ್ದೆ ಆನು. ಅವರ ಹೆಸರಿನ ಮುಂದೇ ಬರಕಂಡಿದ್ರು, ಎಂ.ಡಿ. ಹೇಳಿ. ಮಡಿ ಹೇಳಿಯೇ ಅಲ್ದಾ ಅದು?"

ಹುಬ್ಬಳ್ಳಿಯ ದೇವರು

ಈ ಇಡೀ ಚಿಕಿತ್ಸೆಯಲ್ಲಿ ನನಗೆ ಪೂರ್ತಿ ಬಿಟ್ಟಿ ಸಿಕ್ಕಿದ್ದು ಬಸ್ಸಿನ ಟಿಕೆಟ್ಟು ಒಂದೇ. ಅದಕ್ಕೂ ಆಧಾರ್ ಕಾರ್ಡು ತೋರಿಸಬೇಕು. ಶಿರಸಿಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆವು. ಸೆಖೆ ಅಂತ ತಲೆಯ ಬಟ್ಟೆ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದೆ. ಕಂಡಕ್ಟರು ಕಾರ್ಡು ನೋಡಿದ, ನನ್ನ ತಲೆ ನೋಡಿದ. ಕಾರ್ಡಿನ ಫೋಟೋದಲ್ಲಿ ತೋಳಿನಷ್ಟು ದಪ್ಪದ ಜಡೆ ಮುಂದಕ್ಕೆ ಹಾಕಿ ಕೂತಿದ್ದೇನೆ.

"ಇವ್ರು ಬಂದಿಲ್ಲೇನ್ರಿ?"

"ಇವ್ರೇ ನಾನು."

"ಓಹೋ, ಮುಡಿ ಕೊಟ್ಟು ಬಂದ್ರೇನು? ಯಾವ ಕ್ಷೇತ್ರಕ್ಕ ಹೋಗಿದ್ರಿ?"

"ಹುಬ್ಬಳ್ಳಿಗೆ."

ಆತ ಟಿಕೆಟ್ಟು ಹರಿಯುವುದನ್ನೇ ಮರೆತ. "ನಮ್ಮೂರೇ ಹುಬ್ಬಳ್ಳಿ. ಅಲ್ಲಿ ಮುಡಿ ತಗೊಳ್ಳೋ ದೇವ್ರು ಯಾವ್ದೈತ್ರಿ?"

"ಹೊಸದು. ಮೂರು ವಾರಕ್ಕೊಮ್ಮೆ ಬಾ ಅಂತಾನೆ. ಹುಂಡಿ ಬಹಳ ದೊಡ್ಡದು."

"ವರಾ ಕೊಡ್ತಾನೇನ್ರಿ?"

"ಸ್ಕ್ಯಾನಿಂಗ್ ಮಾಡಿದ ಮೇಲೆ ಗೊತ್ತಾಗ್ತದೆ."

ಆಗ ಅವನಿಗೆ ಹೊಳೆಯಿತು. ಪಾಪ, ಮುಂಡಗೋಡು ದಾಟುವವರೆಗೂ ನನ್ನ ಕಡೆ ತಿರುಗಲಿಲ್ಲ. ಮುಂದಿನ ಸಲ ಅದೇ ಬಸ್ಸು, ಅವನೇ ಕಂಡಕ್ಟರು, ಕಾಲಿಡಲು ಜಾಗವಿಲ್ಲ. ನನ್ನನ್ನು ಕಂಡದ್ದೇ ಒಳಗಿನವರಿಗೆ ಕೂಗು ಹಾಕಿದ. "ಹಿಂದ ಸರೀರಿ, ಜಾಗಾ ಬಿಡ್ರಿ! ಅಮ್ಮಾರು ದೇವ್ರಿಗೆ ಹೊಂಟಾರ!" ಡ್ರೈವರ್ ಹಿಂದಿನ ಸೀಟು ಖಾಲಿ ಆಯಿತು. ಒಬ್ಬ ಮುದುಕಿ ನನ್ನ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದಳು.

ಬಳೆಯ ತಿರುಪು

ಸರಕಾರದ ಆರೋಗ್ಯ ಕಾರ್ಡು ಖರ್ಚಿನಲ್ಲಿ ಒಂದಿಷ್ಟನ್ನು ಹೊತ್ತುಕೊಂಡಿತು. ಉಳಿದದ್ದಕ್ಕೆ ನನ್ನ ತಿರುಪಿನ ಬಂಗಾರದ ಬಳೆ ಹೋದವು. ಹೋಗಲಿ, ಕೈ ಉಳಿದರೆ ಬಳೆ ಬಂದೀತು ಅಂತ ನಾನೇ ಬಿಚ್ಚಿ ಕೊಟ್ಟೆ. ಇವರಿಗೆ ಮಾತ್ರ ಅದು ಮನಸ್ಸಿನಿಂದ ಹೋಗಲಿಲ್ಲ. ಬಾಟಲಿಯಿಂದ ಹನಿ ಹನಿ ಇಳಿಯುವಾಗ ಪಕ್ಕದಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ನರ್ಸು ಬಂದು, "ಮುಗೀತ್ರಿ" ಅಂತ ನಳಿಗೆ ಬಿಚ್ಚಲು ಹೊರಟಳು.

"ಸಿಸ್ಟರ್, ತಡೀರಿ!" ಇವರು ಎದ್ದೇ ನಿಂತರು. "ತಳದಲ್ಲಿ ಇನ್ನೂ ಉಂಟು ನೋಡಿ. ಬಳೆಯ ತಿರುಪು ಒಳಗೇ ಉಳಿದುಹೋಯ್ತು!"

ಉಪ್ಪಿನಲ್ಲಿ ಕೂತವರು

ಅಷ್ಟರಲ್ಲಿ ಮಿಡಿ ಬಂತು. ಹೇಳಿದ ಮಾತು ಬಿಡಬಾರದು ಅಂತ ಒಂದೇ ಒಂದು ಜಾಡಿ, ಮನೆಗೆ ಮಾತ್ರ, ಕೂತಲ್ಲಿಂದಲೇ ಉಪ್ಪಿಗೆ ಹಾಕಿದೆ. ಅದಾಗಿ ಮುಂದಿನ ಕೀಮೋ ನನ್ನನ್ನು ಅಡ್ಡ ಬೀಳಿಸಿತು. ಬಾಯಿ ತುಂಬ ಹುಣ್ಣು. ಪಾದ ನೆಲಕ್ಕೆ ಊರಿದರೆ ಮುಳ್ಳು. ಅಲ್ಲಿಯವರೆಗೆ ಹಟ ಹಿಡಿದವಳು ಗೋಡೆ ಕಡೆ ತಿರುಗಿ ಮಲಗಿ ಹೇಳಿಬಿಟ್ಟೆ, "ಸಾಕು. ಇನ್ನು ಆನು ಹುಬ್ಬಳ್ಳಿಗೆ ಹೋಗ್ತಿಲ್ಲೆ. ಆದದ್ದು ಆಗಲಿ."

ಇವರು ಬಾಗಿಲಲ್ಲಿ ನಿಂತೇ ಉಳಿದರು. ಅತ್ತೆ ಒಳಗೆ ಬಂದು ನನ್ನ ಮಂಚದಿಂದ ಮಡಿಯಷ್ಟು ದೂರ ಕೂತರು.

"ಮಿಡಿ ಉಪ್ಪಲ್ಲಿದ್ದಲ, ಇವತ್ತೇ ತೆಗೆದುಬಿಡನ."

ನಾನು ಎದ್ದು ಕೂತೆ. "ಎಂತ ಹೇಳ್ತ್ರಿ ಅತ್ತೇ! ಅರ್ಧಕ್ಕೆ ತೆಗೆದ್ರೆ ಕೊಳೆತು ಹೋಗ್ತು. ಪೂರ್ತಿ ಸುಕ್ಕಾಗಿ ಚಿರುಟಿದ್ರೆ ಮಾತ್ರ ವರ್ಷಗಟ್ಟಲೆ ತಾಳ್ತು."

"ಅಲ್ಲ, ಉಪ್ಪಲ್ಲಿ ಕೂತ ಮಿಡಿಗೆ ಸುಖ ಇದ್ದು ಹೇಳಿ ತಿಳ್ಕಂಡಿದ್ಯಾ?"

ನಾನು ಹೊದಿಕೆ ಪಕ್ಕಕ್ಕೆ ಸರಿಸಿದೆ.

"ಹಂಗಾದ್ರೆ ಸೀರೆ ಉಟ್ಕ. ಬಸ್ಸಿಗೆ ಹೊತ್ತಾತು."

ಅತ್ತುಕೊಂಡೇ ಸೀರೆ ಉಟ್ಟೆ. ಹೊರಡುವಾಗ ಸಿಟ್ಟು ತಡೆಯದೆ ಕೇಳಿದೆ, "ಅಂದ್ರೆ ಆನು ಚಿರುಟಿದ ಮಿಡಿ ಹೇಳಾತು?"

"ನೀನು ಇತ್ತಿತ್ಲಾಗೆ ಕನ್ನಡಿ ನೋಡಿದ್ದಿಲ್ಯನೇ?" ಅಂದರು ಅತ್ತೆ.

ಸದ್ಯಕ್ಕೆ

ಮಿಡಿ ಚಿರುಟಿತು, ಮಸಾಲೆ ಕಡೆದೆ. ಕಡೆದ ಮಸಾಲೆಯನ್ನು ಬೆರಳ ತುದಿಯಲ್ಲಿ ನೆಕ್ಕಿ ನೋಡುವುದು ನನ್ನ ಕ್ರಮ. ನೆಕ್ಕಿದೆ, ಸಪ್ಪೆ. ಒಂದು ಹಿಡಿ ಉಪ್ಪು ಹಾಕಿದೆ. ಮತ್ತೂ ಸಪ್ಪೆ. ಇನ್ನೊಂದು ಹಿಡಿ. ಅಲ್ಲೇ ನಿಂತಿದ್ದ ಇವರು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡರು.

ಕೀಮೋ ಮುಗಿಯಿತು, ಮಳೆಯ ಜೋರು ಇಳಿಯಿತು. ಚೌತಿಗೆ ಜಾಡಿ ಬಿಚ್ಚಿದರು. ನನಗೆ ಡಾಕ್ಟರು ಉಪ್ಪಿನಕಾಯಿ ಬೇಡ ಅಂದಿದ್ದರು, ಆದರೆ ಬಂದವರೆಲ್ಲ ಉಂಡು ಕೊಂಡಾಡಿದ್ದೇ ಕೊಂಡಾಡಿದ್ದು. "ನಿನ್ನ ಕೈಗುಣ ಎಲ್ಲೂ ಹೋಯ್ದಿಲ್ಲೆ ತಂಗಿ!" ಹೊಗಳಿ ಹೊಗಳಿ ಒಬ್ಬೊಬ್ಬರೂ ಒಂದೊಂದು ಚೊಂಬು ನೀರು ಕುಡಿದರು. ಖಾರ ಹೆಚ್ಚಾಗಿರಬೇಕು ಅಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಸ್ಕ್ಯಾನಿಂಗ್. ಡಾಕ್ಟರು ಪರದೆ ನೋಡಿ, "ಸದ್ಯಕ್ಕ ಏನೂ ಕಾಣವಲ್ದ್ರಿ. ಇನ್ನ ಏನ್ ಬೇಕಾದ್ರೂ ತಿನ್ರಿ" ಅಂದರು.

"ವಾಪಸ್ ಬರೋದಿಲ್ವಲ್ಲ?"

"ಬರೂದಿಲ್ಲಂತ ನಾ ಬರಕೊಡಾಕ ಆಗೂದಿಲ್ಲ. ನೋಡ್ಕೋತ ಇರೋಣ."

ಬಸ್ಸಿನಲ್ಲಿ ಇವರು ಹುಬ್ಬಳ್ಳಿಯಿಂದ ಸಿದ್ದಾಪುರದವರೆಗೂ ನಕ್ಕರು. ನನಗೆ ನಗು ಬರಲಿಲ್ಲ. ಆ 'ಸದ್ಯಕ್ಕೆ' ಅನ್ನುವ ಮಾತು ಎದೆಯಲ್ಲೇ ಕೂತಿತ್ತು. ಬದುಕಿದ್ದೇನೋ, ಬದುಕಲು ರಜೆ ಕೊಟ್ಟಿದ್ದಾರೋ ತಿಳಿಯಲಿಲ್ಲ. ಮರುದಿನ ಮಧ್ಯಾಹ್ನ ಮೊಸರನ್ನ ಕಲಸಿಕೊಂಡು, ಹೇಳಿದ ಮಾತು ಮುಗಿಸಿಬಿಡೋಣ ಅಂತ ಮಿಡಿ ಹಾಕಿಸಿಕೊಂಡು ಕಚ್ಚಿದೆ.

"ಥೂ! ಯಾವ ಕತ್ತೆ ಹಾಕಿದ್ದು ಈ ಉಪ್ಪು? ಉಪ್ಪಿನ ಆಗರಕ್ಕೇ ನಾಲಿಗೆ ಹಾಕಿದ ಹಾಂಗೆ ಇದ್ದು! ಇದನ್ನ ಮನುಷ್ಯರು ತಿಂತ್ವಾ?"

ಇವರ ತುತ್ತು ಕೈಯಲ್ಲೇ ನಿಂತಿತು. ದೇವರ ಮನೆಯಲ್ಲಿದ್ದ ಅತ್ತೆ ಗಂಟೆ ಅಲ್ಲೇ ಬಿಟ್ಟು ಓಡಿ ಬಂದರು. "ಬಂತು! ಕೂಸಿಗೆ ನಾಲಿಗೆ ಬಂತು!" ಅನ್ನುತ್ತಾ, ಮಡಿಯಲ್ಲಿದ್ದವರು, ಎಂಜಲು ಕೈಯ ನನ್ನನ್ನು ಬಾಚಿ ತಬ್ಬಿಕೊಂಡೇಬಿಟ್ಟರು. ಮದುವೆಯಾಗಿ ಬಂದಾಗಿನಿಂದ ಅವರು ಮಡಿಯಲ್ಲಿ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಇಬ್ಬರೂ ಅತ್ತೆವು. ಇವರು ಕಣ್ಣೊರೆಸಿಕೊಳ್ಳುತ್ತಾ ಬಟ್ಟಲಲ್ಲಿದ್ದ ಮಿಡಿಯನ್ನು ದೂರ ಸರಿಸಿದರು. "ಚೌತಿಯಿಂದ ದಿನಾ ಇದನ್ನೇ ಉಂಡಿದ್ದೆ ಮಾರಾಯ್ತೀ. ನಿನ್ನ ಸೀಕು ಇಳೀತು, ಯನ್ನ ಬಿಪಿ ಏರಿದ್ದು."

ಆಗ ನನಗೆ ಗೊತ್ತಾಯಿತು, ನಾನು ಬದುಕಿದ್ದೇನೆ. ನಾಳೆಯದು ನಾಳೆಗಾಯಿತು.

ಕೈ ತೊಳೆದವಳೇ ಇಡಗುಂದಿಗೆ ಫೋನು ಹಚ್ಚಿದೆ. "ಚಿಕ್ಕಮ್ಮಾ, ಯಂಗೆ ಗುಣ ಆತು! ಉಪ್ಪು ಗೊತ್ತಾತು! ಉಪ್ಪು ಸಿಕ್ಕಾಪಟ್ಟೆ ಹೆಚ್ಚಾಜು!"

ಆ ಕಡೆಯಿಂದ ಚಿಕ್ಕಮ್ಮ ಗಳಗಳ ಅತ್ತಳು. ಆ ದೇವರಿಗೆ, ಈ ದೇವರಿಗೆ, ಡಾಕ್ಟರಿಗೆ, ಎಲ್ಲರಿಗೂ ಕೈ ಮುಗಿದಳು. ಮೂಗು ಒರೆಸಿಕೊಂಡಳು. ಆಮೇಲೆ ಪಕ್ಕದಲ್ಲಿದ್ದವರಿಗೆ ಕೇಳಬಾರದೆಂದು ದನಿ ತಗ್ಗಿಸಿ ಕೇಳಿದಳು:

"ಎಂತಕ್ಕೆ ಹೆಚ್ಚಾಗಿತ್ತೇ ತಂಗೀ, ಖೀಮಾಕ್ಕಾ?"