ಮಾವನ ಮೈಕು ಮತ್ತು ಪದವಿನ ಮೈದಾನ

ನನ್ನ ಸೋದರಮಾವನಿಗೆ ಮೈಕಿಲ್ಲದೆ ಮಾತಾಡಲು ಬರುವುದಿಲ್ಲ. ಇದು ಅಳಿಯನ ಕುಚೋದ್ಯ ಎಂದುಕೊಳ್ಳುವವರು ಒಮ್ಮೆ ಉಪ್ಪಳಕ್ಕೆ ಬಂದು ನನ್ನ ಅತ್ತೆಯನ್ನೇ ಕೇಳಬೇಕು. ಹೆಣ್ಣು ನೋಡಲು ಬಂದ ದಿನ ಹಿರಿಯರು ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ, ಏನಾದರೂ ಮಾತಾಡಿಕೊಳ್ಳಿ ಎಂದು ಒಳಗೆ ಹೋದರಂತೆ. ಮಾವ ಗಂಟಲು ಸರಿಮಾಡಿಕೊಂಡು, ಎದುರಿಗಿದ್ದ ಕಾಫಿ ಲೋಟವನ್ನು ಬಾಯಿಯ ಹತ್ತಿರ ಹಿಡಿದು, "ಹಲೋ, ಹಲೋ" ಎಂದರಂತೆ.

"ಮತ್ತೆ ಎಂತ ಹೇಳಿದರು ಅತ್ತೆ?" ಎಂದು ನಾವು ಕೇಳುವುದುಂಟು.

"ಮತ್ತೆ ನನ್ನ ಹೆಸರು, ಅಪ್ಪನ ಹೆಸರು, ಮನೆಯ ಹೆಸರು ಎಲ್ಲ ಹೇಳಿದರು. ನನಗೇ."

ಮಾವನ ಕೆಲಸ ಅನೌನ್ಸ್ ಮಾಡುವುದು. ಆಟೋರಿಕ್ಷಾದ ತಲೆಯ ಮೇಲೆ ಧ್ವನಿವರ್ಧಕದ ಎರಡು ಕಹಳೆ ಕಟ್ಟಿಕೊಂಡು ಅಂಗಡಿಯ ಉದ್ಘಾಟನೆ, ಕಣ್ಣಿನ ತಪಾಸಣೆ, ಸಮ್ಮೇಳನ, ಫುಟ್ಬಾಲ್ ಪಂದ್ಯಾಟ, ಎಲ್ಲವನ್ನೂ ಊರಿಗೆ ತಿಳಿಸುವುದು. ಪಂದ್ಯಾಟದ ದಿನ ಮೈದಾನದ ಬದಿಯಲ್ಲಿ ಕೂತು ಆಟದ ವಿವರಣೆಯನ್ನೂ ಅವರೇ ಹೇಳುತ್ತಾರೆ. ನಮ್ಮ ಗಡಿನಾಡಿನಲ್ಲಿ ಒಂದೇ ಭಾಷೆಯಲ್ಲಿ ಕೂಗಿದರೆ ಅರ್ಧ ಊರಿಗೆ ಮಾತ್ರ ಕೇಳಿದಂತಾಗುತ್ತದೆ. ಆದ್ದರಿಂದ ಅವರು ಕನ್ನಡದಲ್ಲಿ ಹೊರಟು, ಸೇತುವೆ ದಾಟುವಾಗ ತುಳುವಿಗೆ ಹೊರಳಿ, ಪೇಟೆಯಲ್ಲಿ ಮಲಯಾಳ ಮಾತಾಡಿ, ಮೀನು ಮಾರ್ಕೆಟಿನ ಎದುರು ಬ್ಯಾರಿಯಲ್ಲಿ ಮುಗಿಸುತ್ತಾರೆ. ಮನೆಯಲ್ಲೂ ಅದೇ ಧಾಟಿ. "ಸ್ನಾನದ ನೀರು ಕಾದಿದ್ದಲ್ಲಿ ಸಂಬಂಧಪಟ್ಟವರು ಕೂಡಲೇ ತಿಳಿಸಬೇಕಾಗಿ ವಿನಂತಿ" ಎಂದು ಅವರು ಅಂಗಳದಿಂದ ಹೇಳಿದರೆ, ಸಂಬಂಧಪಟ್ಟ ಅತ್ತೆ ಒಳಗಿನಿಂದ, "ಕಾದು ತಣಿದೂ ಆಯಿತು" ಎನ್ನುತ್ತಾರೆ.

ಇಷ್ಟೇ ಆಗಿದ್ದರೆ ಊರು ಅವರನ್ನು ಸುಲಭವಾಗಿ ಸಹಿಸಿಕೊಳ್ಳುತ್ತಿತ್ತು. ಕಷ್ಟವಿದ್ದದ್ದು ಅವರ ಇನ್ನೊಂದು ಹಟದಲ್ಲಿ. ಮೈಕಿನಲ್ಲಿ ಸುಳ್ಳು ಹೇಳಬಾರದು ಎಂಬುದು ಆ ಹಟ. ಬಾಯಿಮಾತಿನಲ್ಲಿ ಅವರು ಧಾರಾಳವಾಗಿಯೇ ಸುಳ್ಳು ಹೇಳುತ್ತಾರೆ. ಹಲ್ಲುನೋವು ಎಂದು ಅವರು ತಪ್ಪಿಸಿಕೊಂಡ ಮದುವೆಗಳಿಗೆ ಲೆಕ್ಕವಿಲ್ಲ. ಆದರೆ ಮೈಕು ಕೈಗೆ ಬಂದರೆ ಮನುಷ್ಯ ಬೇರೆ. ನನ್ನದು ಉಪ್ಪಳದಲ್ಲಿ ಒಂದು ಚಿಕ್ಕ ಮುದ್ರಣಾಲಯ. ಒಮ್ಮೆ ಈ ಬಗ್ಗೆ ನಾನು ಕೆಣಕಿದಾಗ ಹೇಳಿದರು: "ನೀನು ಪ್ರಿಂಟ್ ಮಾಡಿದ್ದು ತಪ್ಪಾದರೆ ಒಲೆಗೆ ಹಾಕಬಹುದು. ನಾನು ಕೂಗಿದ್ದನ್ನು ಎಲ್ಲಿಂದ ಹೆಕ್ಕಿ ತರುವುದು?"

ಒಂದು ಜವಳಿ ಅಂಗಡಿಯವರು ಎಲ್ಲ ಬಟ್ಟೆಗಳಿಗೂ ರಿಯಾಯಿತಿ ಎಂದು ಸಾರಲು ಹೇಳಿದ್ದರು. ಮಾವ ಒಳಗೆ ಹೋಗಿ ನೋಡಿ ಬಂದು, "ಎಡಗಡೆಯ ಕಪಾಟಿನ ಬಟ್ಟೆಗಳಿಗೆ ಮಾತ್ರ" ಎಂದು ಸಾರಿದರು. ಒಂದು ಮದುವೆ ಹಾಲಿನಲ್ಲಿ, ಊಟ ತಯಾರಾಗಿದೆ ಎಂದು ಹೇಳಿ ಜನರನ್ನು ಎಬ್ಬಿಸಿ ಎಂದರು ಮದುವೆಯ ಮನೆಯವರು. ಮಾವ ಅಡುಗೆಯವರನ್ನು ವಿಚಾರಿಸಿ, "ಮಾನ್ಯರೇ, ಸಾಂಬಾರು ಇನ್ನೂ ಕುದಿಯಲಿಕ್ಕೆ ಉಂಟು. ದಯವಿಟ್ಟು ಕೂತುಕೊಳ್ಳಿ" ಎಂದರು. ಪಂದ್ಯಾಟ ನಡೆಸಿದವರ ಮಗ ಆಡುವಾಗ, "ಇದೀಗ ಅವರು ಚೆಂಡನ್ನು ಒದೆಯುವ ಉದ್ದೇಶದಿಂದ ನೆಲವನ್ನು ಒದ್ದಿದ್ದಾರೆ" ಎಂದು ನಾಲ್ಕೂ ಭಾಷೆಗಳಲ್ಲಿ ತಿಳಿಸಿದರು. ಇಂಥವರನ್ನು ಜನ ಮತ್ತೆ ಮತ್ತೆ ಕರೆಯುತ್ತಿದ್ದದ್ದೇಕೆ? ಅವರ ಧ್ವನಿ ಅಷ್ಟು ಚೆನ್ನಾಗಿತ್ತು, ಅದಕ್ಕೆ.

ನಮ್ಮ ಊರಿನ ಹುಡುಗರು ಸಂಜೆ ಆಡುತ್ತಿದ್ದದ್ದು ಶಾಲೆಯ ಮೈದಾನದಲ್ಲಿ. ಹೆಣ್ಣುಮಕ್ಕಳದ್ದೂ ಒಂದು ತಂಡವಿತ್ತು. ಪ್ಲಸ್ ಟು ಓದುವಾಗ ಜತೆಯಾಗಿ ಆಡಿದವರು ಆಮೇಲೆ ಬಿಡಲು ಮನಸ್ಸಾಗದೆ, ಕೊಯ್ಲು ಮುಗಿದ ಗದ್ದೆಯಲ್ಲಿ ಬೇಸಿಗೆ ಕಳೆಯುವವರೆಗೆ ಆಡುತ್ತಿದ್ದರು. ಶಾಲೆಗೆ ಹೊಸ ಕಟ್ಟಡ ಬಂದು ಮೈದಾನ ಹೋಯಿತು. ಗದ್ದೆಯವರು ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಲು ಹೊರಟರು. ಹೀಗೆ ಎರಡೂ ತಂಡಗಳು ಒಂದೇ ವರ್ಷ ಬೀದಿಗೆ ಬಿದ್ದವು. ಕೊನೆಗೆ ಪಂಚಾಯತಿನವರು ಪದವಿನಲ್ಲಿ, ಎಂದರೆ ಊರ ಹಿಂದಿನ ಒರಟು ಕೆಂಪು ಮುರಕಲ್ಲಿನ ಬಯಲಿನಲ್ಲಿ, ಒಂದಿಷ್ಟು ಜಾಗ ಬಿಟ್ಟುಕೊಟ್ಟರು. ಅದನ್ನು ಸಮತಟ್ಟು ಮಾಡಿ, ಮಣ್ಣು ಹಾಕಿ, ಹುಲ್ಲು ಬೆಳೆಸುವ ಖರ್ಚು ಊರಿನದ್ದು. ಒಂದು ಸಮಿತಿ ಆಯಿತು. ಪುರುಷರ ಮತ್ತು ಮಹಿಳೆಯರ ತಂಡಗಳಿಗೆ ಸಮಾನ ಮೈದಾನ ಎಂದು ನಾನು ನೋಟೀಸು ಅಚ್ಚುಹಾಕಿದೆ. ಪ್ರಚಾರ ಮಾವನ ಪಾಲಿಗೆ ಬಂತು.

ಮಾವ ಹಣ ಕೇಳಿದ ರೀತಿಯನ್ನು ನೀವು ಕೇಳಬೇಕಿತ್ತು. "ಈ ಮೈದಾನ ಆದರೆ ನಾವು ಗೆಲ್ಲುತ್ತೇವೆ ಎಂಬ ಭರವಸೆ ಇಲ್ಲ. ಕಳೆದ ವರ್ಷ ನಮ್ಮ ಪುರುಷರ ತಂಡ ಮೊದಲನೆಯ ಪಂದ್ಯದಲ್ಲಿಯೇ ಸೋತಿದೆ. ಮಹಿಳೆಯರ ತಂಡಕ್ಕೆ ಸೋಲಲಿಕ್ಕೂ ಜಾಗ ಇಲ್ಲ. ಯೋಚನೆ ಮಾಡಿ ಕೊಡಿ."

ಜನ ನಕ್ಕರು. ನಕ್ಕವರು ಕೊಟ್ಟರು. ಮೀನಿನ ಬುಟ್ಟಿ ಇಳಿಸಿ ಸೆರಗಿನ ಗಂಟು ಬಿಚ್ಚಿದವರಿದ್ದರು. ಜೆಸಿಬಿ ಇದ್ದವರೊಬ್ಬರು ಬಾಡಿಗೆಯಿಲ್ಲದೆ ನೆಲ ಅಗೆದುಕೊಟ್ಟರು. ಬೆಳ್ಳೂರಿನ ಕೃಷಿಕರೊಬ್ಬರು, ನನ್ನ ಹತ್ತಿರ ಹಣ ಕೇಳಬೇಡಿ ಎಂದು ಗದರಿಸಿ, ಒಂದು ಲಾರಿ ಗೊಬ್ಬರ ಕಳುಹಿಸಿದರು.

ಸಮಿತಿಯ ಕಾರ್ಯದರ್ಶಿ ಪುರುಷರ ತಂಡದ ಹಳೆಯ ಆಟಗಾರ. ಕಟ್ಟಡದ ಕೆಲಸ ವಹಿಸಿಕೊಳ್ಳುವವನು, ಒಳ್ಳೆಯ ಮನುಷ್ಯ. ಅವನು ಒಂದು ದಿನ ಮಾವನಲ್ಲಿ, "ಮಾಮ, ಆ ಮಹಿಳೆಯರ ತಂಡ ಅನ್ನುವುದನ್ನು ಕೆಲವು ಕಡೆ ಸ್ವಲ್ಪ ಮೆಲ್ಲ ಹೇಳಿ" ಎಂದ.

"ಮೆಲ್ಲ ಹೇಳುವುದು ಹೇಗೆ ಮಾರಾಯ? ವಾಲ್ಯೂಮ್ ಎಲ್ಲ ಶಬ್ದಕ್ಕೂ ಒಂದೇ."

ಕಾರ್ಯದರ್ಶಿಯ ಮಾತಿಗೆ ಕಾರಣವಿತ್ತು. ಗಲ್ಫಿನಲ್ಲಿ ಹೋಟೆಲುಗಳಿರುವ ನಮ್ಮೂರಿನ ಒಬ್ಬರು ಉಳಿದ ಖರ್ಚನ್ನೆಲ್ಲ ತಾವೇ ಕೊಡಲು ಮುಂದೆ ಬಂದಿದ್ದರು. ಹುಲ್ಲು, ಬೇಲಿ, ದೀಪ, ಎಲ್ಲ. ಒಂದೇ ಮಾತು, ಸಂಜೆ ಜನ ಸೇರುವ ಹೊತ್ತಿನಲ್ಲಿ ಹೆಣ್ಣುಮಕ್ಕಳು ಆಡುವುದು ಬೇಡ, ಅವರಿಗೆ ಬೆಳಗ್ಗೆ ಕೊಡಿ. ಬೆಳಗ್ಗೆ ಆ ಹುಡುಗಿಯರಲ್ಲಿ ಕೆಲವರು ಕಾಲೇಜಿನಲ್ಲಿ, ಕೆಲವರು ಕೆಲಸದಲ್ಲಿ. ಅವರ ಗೋಲ್‌ಕೀಪರ್ ಹರ್ಷಿತಾ ಉಪ್ಪಳದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಸಂಜೆಯವರೆಗೆ ಅವಳಿಗೆ ಬಿಡುವಿರಲಿಲ್ಲ. "ಮೊದಲು ಗ್ರೌಂಡ್ ಆಗಲಿ, ಮತ್ತೆ ನೋಡುವ" ಎಂಬುದು ಕಾರ್ಯದರ್ಶಿಯ ಲೆಕ್ಕಾಚಾರ.

ಆ ದಾನಿಗಳು ಊರಿಗೆ ಬಂದಾಗ ಸಮಿತಿಯವರು ಪದವಿನಲ್ಲಿಯೇ ಒಂದು ಸಭೆ ಇಟ್ಟರು. ಎರಡೂ ತಂಡಗಳಿಗಾಗಿ ಅವರು ಕೊಡುತ್ತಿರುವ ದೊಡ್ಡ ಕೊಡುಗೆಯನ್ನು ಮಾವ ಮೈಕಿನಲ್ಲಿ ಪ್ರಕಟಿಸಬೇಕಿತ್ತು. ಮಾವ ಎದ್ದು ನಿಂತರು. ಮೈಕು ಆನ್ ಇತ್ತು. ದಾನಿಗಳ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದರು: "ಹೇಳುವ ಮೊದಲು ಒಂದು ಸಂಶಯ. ಮಹಿಳೆಯರ ತಂಡಕ್ಕೆ ಸಂಜೆ ಉಂಟಾ, ಇಲ್ಲವಾ?"

ಆ ಪ್ರಶ್ನೆ ಕಹಳೆಯಿಂದ ಹೊರಟು ಪದವಿನ ತುಂಬ ಸುತ್ತಿತು. ದಾನಿಗಳು ಕರವಸ್ತ್ರದಿಂದ ಮುಖ ಒರಸಿಕೊಂಡು, "ಅದೆಲ್ಲ ಮತ್ತೆ ಮಾತಾಡುವ" ಎಂದರು.

"ಹಾಗಾದರೆ ಅನೌನ್ಸೂ ಮತ್ತೆ ಮಾಡುವ" ಎಂದು ಮಾವ ಮೈಕು ಆಫ್ ಮಾಡಿದರು.

ಹಿಂದೆ ಕೂತವರು ಚಪ್ಪಾಳೆ ತಟ್ಟಿದರು. ನನಗೂ ನಗು ಬಂತು. ದಾನಿಗಳು ಜಗಳವಾಡಲಿಲ್ಲ. ಎದ್ದು ಎಲ್ಲರಿಗೂ ಕೈಮುಗಿದು ಕಾರು ಹತ್ತಿದರು. ಆ ಕಾರಿನ ಜತೆಗೆ ಹುಲ್ಲು, ಬೇಲಿ, ದೀಪ ಎಲ್ಲವೂ ಪದವಿನಿಂದ ಇಳಿದು ಹೋದವು ಎಂಬುದು ನಮಗೆ ಹೊಳೆದದ್ದು ಸ್ವಲ್ಪ ತಡವಾಗಿ.

ಆಮೇಲಿನ ದಿನಗಳು ಹಗುರವಾಗಿರಲಿಲ್ಲ. ಆ ಮದುವೆಯ ಸೀಸನ್ನಿನಲ್ಲಿ ಮಾವನನ್ನು ಕರೆಯುವವರು ಕಡಿಮೆಯಾದರು. ಅರ್ಧ ಅಗೆದ ಪದವಿನಲ್ಲಿ ಗೊಬ್ಬರದ ರಾಶಿ ಒಣಗುತ್ತಿತ್ತು. ಕಾರ್ಯದರ್ಶಿ ಒಂದು ಸಂಜೆ ಮಾವನ ಮನೆಗೆ ಬಂದ. ನಾನೂ ಅಲ್ಲಿದ್ದೆ. ಅವನು ಕೂರಲಿಲ್ಲ.

"ಮಾಮ, ನೀವು ಆಡುವವರಲ್ಲ. ಮುರಕಲ್ಲಿನ ಮೇಲೆ ಬಿದ್ದರೆ ಕಾಲು ಹೇಗಾಗ್ತದೆ ಅಂತ ನೋಡಿದ್ದೀರಾ? ನಮ್ಮ ಹುಡುಗರು ಕೆಲವರು ಆಟವೇ ಬಿಟ್ಟರು. ಹುಲ್ಲು ಕಣ್ಣೆದುರಿಗೆ ಬಂದಿತ್ತು. ನೀವು ಒಂದು ಪ್ರಶ್ನೆ ಕೇಳಿ ಅದನ್ನು ವಾಪಸು ಕಳಿಸಿದಿರಿ."

ಮಾವ ಕುರ್ಚಿ ಎಳೆದು ಅವನ ಮುಂದಿಟ್ಟರು. ಅವನು ಅದನ್ನು ಬಳಸಿ ಅಂಗಳಕ್ಕಿಳಿದು ಹೋದ.

ಮರುದಿನ ಹರ್ಷಿತಾ ಬಂದಳು. ಇವಳಾದರೂ ಮೆಚ್ಚಿ ಎರಡು ಮಾತಾಡುತ್ತಾಳೆ ಎಂದು ಅತ್ತೆ ಚಹಾ ತಂದಿಟ್ಟರು. ಹುಡುಗಿ ಲೋಟ ಮುಟ್ಟದೆ ಕೂತಳು.

"ಮಾಮ, ನಮಗಾಗಿ ಬೇಡ ಅಂದಿರಿ. ನಾವೆಲ್ಲ ಅಲ್ಲಿಯೇ ನಿಂತಿದ್ದೆವು. ನಮ್ಮನ್ನು ಒಂದು ಸಲ ಕೇಳಬಹುದಿತ್ತು."

"ಕೇಳಿದ್ದರೆ ಎಂತ ಹೇಳ್ತಿದ್ದೆ?" ಎಂದರು ಮಾವ.

"ಬೇಡ ಅಂತಲೇ ಹೇಳ್ತಿದ್ದೆ. ಆದರೆ ನಾನು ಹೇಳ್ತಿದ್ದೆ."

ಮಾವ ಎದ್ದು ಒಳಗೆ ಹೋಗಿ ಮೈಕನ್ನು ತಂದು ಅವಳ ಮಡಿಲಲ್ಲಿಟ್ಟರು. ಆ ಮೈಕನ್ನು ಅವರು ನನಗೆ ಮುಟ್ಟಲೂ ಕೊಟ್ಟವರಲ್ಲ. "ನಾಳೆಯಿಂದ ನೀನು ಹೇಳು. ನಾನು ವಾಲ್ಯೂಮ್ ನೋಡಿಕೊಳ್ಳುತ್ತೇನೆ."

ಹಾಗೆಯೇ ಆಯಿತು. ಸಂಜೆ ಲ್ಯಾಬಿನ ಕೆಲಸ ಮುಗಿದ ಮೇಲೆ ಅವಳು ಆಟೋದಲ್ಲಿ ಚಾಲಕನ ಪಕ್ಕ ಕೂತು ಹೊರಟಳು. ಹಿಂದಿನ ಸೀಟಿನಲ್ಲಿ ಆಂಪ್ಲಿಫೈಯರ್ ತೊಡೆಯ ಮೇಲಿಟ್ಟುಕೊಂಡು ಮಾವ. ಅವಳಿಗೆ ಏರಿಳಿತ ಗೊತ್ತಿರಲಿಲ್ಲ, ಮಾನ್ಯರೇ ಎನ್ನಲೂ ಬರುತ್ತಿರಲಿಲ್ಲ. "ನಾನು ಹರ್ಷಿತಾ. ಗೋಲ್‌ಕೀಪರ್. ನಮಗೆ ಆಡಲಿಕ್ಕೆ ಜಾಗ ಬೇಕು, ಸಂಜೆ ಬೇಕು. ಹುಡುಗರಿಗೂ ಬೇಕು." ಇಷ್ಟನ್ನೇ ಊರಿಡೀ ಹೇಳಿದಳು. "ಸ್ವಲ್ಪ ಅಲಂಕಾರ ಮಾಡಿ ಹೇಳು ಮಗಾ" ಎಂದು ಮಾವ ಹಿಂದಿನಿಂದ ಪಿಸುಗುಟ್ಟಿದ್ದು ಕೂಡ ಒಮ್ಮೆ ಮೈಕಿನಲ್ಲಿ ಕೇಳಿಸಿತು. ಉಪ್ಪಳ ಪೇಟೆ ಅದನ್ನು ಬಹಳ ದಿನ ಆಡಿಕೊಂಡಿತು.

ನಾಲ್ಕು ಮಾತಿನ ಆ ಭಾಷಣಕ್ಕೆ ಹಣ ಬಂತು. ಹೆಚ್ಚು ಬಂತು ಎನ್ನಲಾರೆ. ಪೂರ್ತಿ ಅಳತೆಯ ಮೈದಾನಕ್ಕೆ ಸಾಲಲಿಲ್ಲ, ದೀಪದ ಮಾತೇ ಇಲ್ಲ. ಏಳೇಳು ಜನ ಆಡುವಷ್ಟು ಜಾಗಕ್ಕೆ ಮಣ್ಣು ಹಾಕಿಸಲು ಸಾಕಾಯಿತು. ಮಣ್ಣು ಬಂದ ದಿನ ಕಾರ್ಯದರ್ಶಿ ತನ್ನ ಹುಡುಗರನ್ನು ಕರೆದುಕೊಂಡು ಬಂದ. ಯಾರೂ ಹಳೆಯ ಮಾತು ಎತ್ತಲಿಲ್ಲ. ಮೊದಲ ಮಳೆ ಬಿದ್ದಾಗ ಎರಡೂ ತಂಡದವರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು ಹುಲ್ಲಿನ ಬೇರು ನೆಟ್ಟರು. ಸಂಜೆಗಳನ್ನು ಸರಿಯಾಗಿ ಹಂಚಿಕೊಂಡರು. ಒಂದು ತಂಡಕ್ಕೆ ಜನ ಸಾಲದ ದಿನ ಇನ್ನೊಂದು ತಂಡದವರು ಸೇರಿಕೊಳ್ಳುವುದು ತಾನಾಗಿ ರೂಢಿಯಾಯಿತು.

ಮಳೆ ಕಳೆದ ಮೇಲೆ ಉದ್ಘಾಟನೆ. ಮೊದಲ ಪಂದ್ಯ ನಮ್ಮ ಮಹಿಳೆಯರ ತಂಡಕ್ಕೂ ಮಧೂರಿನ ಕಡೆಯಿಂದ ಬಂದ ತಂಡಕ್ಕೂ. ಬದಿಯಲ್ಲಿ ಮೇಜು ಹಾಕಿ ಮಾವ ಮೈಕಿನೆದುರು ಕೂತಿದ್ದರು. ಆಟ ಶುರುವಾಯಿತು. ಸ್ವಲ್ಪ ಹೊತ್ತಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಚೆಂಡು ಆ ತುದಿಯಲ್ಲಿ, ಎದುರಾಳಿಗಳ ಗೋಲಿನ ಹತ್ತಿರ. ಮಾವ ಹೇಳುತ್ತಿದ್ದದ್ದು ಬೇರೆಯೇ.

"ಹರ್ಷಿತಾ ನಿಂತಿದ್ದಾಳೆ. ಕೈಗವಸು ಸರಿಮಾಡಿಕೊಂಡಳು. ಈಗ ಸೊಂಟಕ್ಕೆ ಕೈ ಇಟ್ಟು ಆ ಕಡೆ ನೋಡುತ್ತಿದ್ದಾಳೆ."

"ಬಾಲು ಎಲ್ಲಿ ಉಂಟು ಮಾರಾಯರೇ? ಅದನ್ನು ಹೇಳಿ" ಎಂದು ಯಾರೋ ಕೂಗಿದರು. ಮಾವ ತಿರುಗಿಯೂ ನೋಡಲಿಲ್ಲ. "ಬಾಲು ದೂರ ಉಂಟು. ಹರ್ಷಿತಾ ಕೂದಲು ಹಿಂದೆ ಕಟ್ಟಿಕೊಂಡಳು." ನಮ್ಮವರು ಒಂದು ಗೋಲು ಹಾಕಿದರು. ಮಾವ ಹೇಳಿದರು: "ಹರ್ಷಿತಾ ನೆಗೆದು ಕೈ ಮೇಲೆತ್ತಿದಳು. ನಗುತ್ತಿದ್ದಾಳೆ. ಕಾರಣ, ಗೋಲ್ ಆಗಿದೆ."

ಕಾರ್ಯದರ್ಶಿ ನನ್ನ ಹತ್ತಿರ ಬಂದು, "ನಿಮ್ಮ ಮಾವನಿಗೆ ಎಂತ ಆಗಿದೆ ನೋಡಿ" ಎಂದ. ನಾನು ಮೇಜಿನ ಬಳಿ ಹೋದೆ. ಮೈಕಿನ ಬುಡದಲ್ಲಿ ಮಾವನ ಫೋನು ಮಲಗಿತ್ತು. ಕರೆ ನಡೆಯುತ್ತಿತ್ತು.

ಆ ಕಡೆ ಇದ್ದವರು ಹರ್ಷಿತಾಳ ಅಪ್ಪ. ಗಲ್ಫಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾರೆ. ಮಗಳು ಆಡುವುದನ್ನು ಒಮ್ಮೆಯೂ ನೋಡಿದವರಲ್ಲ. ಉದ್ಘಾಟನೆಗೆ ಬರಬೇಕೆಂದಿದ್ದವರಿಗೆ ರಜೆ ಸಿಗಲಿಲ್ಲ. ನೀರು ತುಂಬಿಸುವ ಜಾಗದಲ್ಲಿ ಚಿತ್ರ ಕಾಣುವಷ್ಟು ನೆಟ್ ಇಲ್ಲ, ಮಾತು ಮಾತ್ರ ಕೇಳುತ್ತದೆ. ಇದನ್ನೆಲ್ಲ ಮಾವ ನನಗೆ ಹೇಳಿದ್ದು ಆಮೇಲೆ. ಆಗ ಕೇಳಿಸಿದ್ದು ಫೋನಿನೊಳಗಿನ ಸಣ್ಣ ಧ್ವನಿ: "ಈಗ ಎಂತ ಮಾಡ್ತಾ ಇದ್ದಾಳೆ?"

ಚೆಂಡು ಈ ತುದಿಗೆ ಬಂತು. ಎದುರಾಳಿಗಳ ಹುಡುಗಿ ಬಲವಾಗಿ ಒದ್ದಳು. ಹರ್ಷಿತಾ ಹಾರಿದಳು, ಚೆಂಡು ಕೈಗೆ ತಾಗಿ ಒಳಗೆ ಹೋಯಿತು. ಮಾವ ಹೇಳಿದರು: "ಗೋಲ್ ಆಯಿತು. ಅವಳ ಕೈಯಿಂದ ಜಾರಿತು. ಬಿದ್ದಿದ್ದಾಳೆ."

"ಪೆಟ್ಟಾಯಿತಾ?"

ಅಷ್ಟರಲ್ಲಿ ಹತ್ತಿರ ನಿಂತವರಿಗೆ ಫೋನಿನಲ್ಲಿರುವುದು ಅವಳ ಅಪ್ಪ ಎಂದು ಗೊತ್ತಾಗಿ, ಬಾಯಿಂದ ಬಾಯಿಗೆ ಹೋಗಿ, ಪದವು ನಿಶ್ಶಬ್ದವಾಗಿತ್ತು.

"ಇಲ್ಲ. ಎದ್ದಳು. ಮೊಣಕಾಲಿನ ಹುಲ್ಲು ಒರಸಿಕೊಂಡಳು. ಬಾಲನ್ನು ತಾನೇ ಹೆಕ್ಕಿ ಕೊಟ್ಟಳು."

"ಟ್ಯಾಂಕ್ ತುಂಬಿತು, ನಾನು ಹೊರಡಬೇಕು" ಎಂದಿತು ಫೋನಿನ ಧ್ವನಿ. "ಗಾಡಿ ಬಿಡುವಾಗ ಮಾತಾಡಲಿಕ್ಕೆ ಆಗುವುದಿಲ್ಲ. ನೀವು ಕಟ್ ಮಾಡಬೇಡಿ. ಸೀಟಿನ ಮೇಲೆ ಇಡ್ತೇನೆ. ಹೇಳ್ತಾ ಇರಿ."

ಮಾವ ಫೋನನ್ನು ಮೈಕಿಗೆ ಇನ್ನಷ್ಟು ಹತ್ತಿರ ಸರಿಸಿದರು. ದೂರದ ಆ ಟ್ಯಾಂಕರಿನ ಇಂಜಿನ್ ಚಾಲೂ ಆದ ಸದ್ದು ಫೋನಿನಿಂದ ಮೈಕಿಗೆ, ಮೈಕಿನಿಂದ ಕಹಳೆಗೆ ಬಂದು ಮೈದಾನದ ತುಂಬ ಹರಡಿತು. ಗೋಲಿನಲ್ಲಿ ನಿಂತಿದ್ದ ಹುಡುಗಿ ಕತ್ತು ಹೊರಳಿಸಿ ಕಹಳೆಯ ಕಡೆ ನೋಡಿದಳು.

"ಇಲ್ಲಿಗೇ ನೋಡುತ್ತಿದ್ದಾಳೆ" ಎಂದರು ಮಾವ.