ವೈರ್‌ಲೆಸ್ ಕಾರ್ಡಿನ ಎರಡು ವೈರು

ಬಂಗಾರಪೇಟೆಯ ಹಳೇ ಗಣಿ ವಸತಿ ದೃಢೀಕರಣ ಉಪಕಚೇರಿಯ ಏಕೈಕ ಲ್ಯಾಪ್‌ಟಾಪು ಜೂನ್ ಮೂರರಂದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ವೈಫೈ ಹಿಡಿಯುವುದನ್ನು ನಿಲ್ಲಿಸಿತು. ಇದು ದಾಖಲಾದ ಸಂಗತಿ. ಆ ಹೊತ್ತಿಗೆ ಕಚೇರಿಗೆ ಬಂದಿದ್ದವಳು ಗುತ್ತಿಗೆ ಆಪರೇಟರ್ ರಾಧಾಮಣಿ ಒಬ್ಬಳೇ ಆದ್ದರಿಂದ ಮೊದಲ ನೋಟೀಸು ಅವಳಿಗೇ ಹೋಯಿತು.

ಅವಳ ಮೇಜಿನ ಎದುರು ಉರಿಗಾಂನ ಪೆದ್ದಮ್ಮ ಕೂತಿದ್ದಳು. ಗಂಡ ಗಣಿಯಲ್ಲಿ ದುಡಿದು ತೀರಿಕೊಂಡವನು. ಮೊಮ್ಮಗಳು ಅನುಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ವಾಸದ ದೃಢೀಕರಣ ಪತ್ರ ಜೂನ್ ಮೂವತ್ತರ ಸಂಜೆ ಐದರೊಳಗೆ ಆನ್‌ಲೈನಿನಲ್ಲಿ ಕಾಲೇಜಿಗೆ ಮುಟ್ಟದಿದ್ದರೆ ಸೀಟು ಬೇರೆಯವರ ಪಾಲು.

"ಕಾಯ್ತೀನಿ ಬುಡು ಅಮ್ಮಣ್ಣಿ, ವಾಪಸ್ ಓಗೋ ರೈಲಿಗೆ ಇನ್ನೂ ಟೇಮೈತೆ," ಎಂದಳು ಪೆದ್ದಮ್ಮ.

ಸ್ಟೇಷನ್ ರಸ್ತೆಯ ರಿಪೇರಿ ಅಂಗಡಿಯ ವೇಣು ಬಂದು ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದ. "ವೈರ್‌ಲೆಸ್ ಕಾರ್ಡು ಓಗೈತೆ ಕಣಕ್ಕಾ. ಒಂದು ಸ್ಕ್ರೂ, ಎರಡು ವೈರು. ಹತ್ತು ನಿಮಿಷದ ಕೆಲ್ಸ."

ರಾಧಾಮಣಿ ತನ್ನ ಪರ್ಸಿಗೇ ಕೈ ಹಾಕಿದಳು. ಸೂಪರಿಂಟೆಂಡೆಂಟ್ ಬಚ್ಚಪ್ಪನವರು ತಡೆದರು. ಸರ್ಕಾರಿ ಯಂತ್ರದೊಳಗೆ ಖಾಸಗಿ ವಸ್ತು ಇಡುವುದು ನಿಯಮದ ಪ್ರಕಾರ ಒತ್ತುವರಿ. "ಆಮೇಲೆ ತೆರವು ಮಾಡೋಕೆ ಜೆಸಿಬಿ ಕರೆಸ್ಬೇಕಾಗುತ್ತಮ್ಮ," ಎಂದು ಕಳಕಳಿಯಿಂದಲೇ ಹೇಳಿದರು. ಮೊಬೈಲಿನಿಂದ ವೈರು ಎಳೆಯೋಣವೆಂದರೆ, ಲ್ಯಾಪ್‌ಟಾಪಿನ ಪಕ್ಕದ ತೂತುಗಳಿಗೆಲ್ಲ ಹಿಂದಿನ ವರ್ಷವೇ ಭದ್ರತೆಗಾಗಿ ಅರಗು ಹಾಕಿ ಮುದ್ರೆ ಒತ್ತಲಾಗಿತ್ತು.

ಹಾಗಾಗಿ 'ಹೊಸ ಕಾರ್ಡು ಕೋರಿ' ಎಂದು ಮೇಲಿನ ಕಚೇರಿಗೆ ಅರ್ಜಿ ಹೋಯಿತು. ಎಂಟನೇ ದಿನ ಅಲ್ಲಿನ ಕಾರ್ಡು ವಿಭಾಗದಿಂದ ವಾಪಸು ಬಂತು: 'ಅರ್ಜಿದಾರ ಲ್ಯಾಪ್‌ಟಾಪು ಬಿಪಿಎಲ್ಲೋ ಎಪಿಎಲ್ಲೋ ಸ್ಪಷ್ಟಪಡಿಸಿರುವುದಿಲ್ಲ. ಕುಟುಂಬದ ಹಿರಿಯ ಮಹಿಳೆಯ ಭಾವಚಿತ್ರ ಲಗತ್ತಿಸಿರುವುದಿಲ್ಲ.'

ಅಂದೂ ರೈಲು ಹತ್ತಿ ಬಂದಿದ್ದ ಪೆದ್ದಮ್ಮ ಸೆರಗಿನ ಗಂಟು ಬಿಚ್ಚಿದಳು. "ನಂದೊಂದು ಪೋಟೋ ಐತೆ, ಆಗ್ತದಾ ನೋಡು. ಇಲ್ಲಿ ನನಗಿಂತ ಇರೇರು ಯಾರೂ ಕಾಣೆ."

ರಾಧಾಮಣಿ ಅಂಟಿಸಿ ಕಳಿಸಿದಳು. ಕಾರ್ಡು ಮಂಜೂರಾಯಿತು.

ಆಗ ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತಿದರು. ವಸ್ತುವಿನ ಹೆಸರು ವೈರ್‌ಲೆಸ್. ವೇಣು ಕೊಟ್ಟ ಕೊಟೇಶನ್ನಿನಲ್ಲಿ ಮಾತ್ರ ಎರಡು ವೈರು. ಇದರಲ್ಲಿ ಯಾವುದು ಸುಳ್ಳು? ತನಿಖೆಗೆ ಮೂವರ ಸಮಿತಿ ಬಂತು. ಅತಿಥಿಗೃಹದಲ್ಲಿ ಎರಡು ದಿನ ತಂಗಿತು. ಮೊದಲ ದಿನ ಸ್ಥಳ ಪರಿಶೀಲನೆಯ ಅಂಗವಾಗಿ ಪಾನಿಪುರಿ ತಿಂದಿತು. ಎರಡನೇ ದಿನ ಅದೇ ಅಂಗಡಿಯ ಮರುಪರಿಶೀಲನೆ ಅಗತ್ಯವೆನಿಸಿತು. ಇಪ್ಪತ್ತೊಂಬತ್ತರಂದು ಆದೇಶ ಹೊರಟಿತು: 'ಹೆಸರಿಗೂ ವಸ್ತುವಿಗೂ ತಾಳೆಯಾಗುವಂತೆ ಎರಡೂ ವೈರುಗಳನ್ನು ಕತ್ತರಿಸತಕ್ಕದ್ದು.'

ಕಾರ್ಡು ಕೂರಿಸುತ್ತಿದ್ದ ವೇಣು ಬೆಚ್ಚಿಬಿದ್ದ. "ಸಾರ್, ಆ ವೈರೇ ಸಿಗ್ನಲ್ ಇಡಿಯೋದು. ಅದು ಕಿವಿ ಇದ್ದಂಗೆ."

"ಆದೇಶ ಪಾಲಿಸೋಕೆ ಕೈ ಸಾಕಪ್ಪ, ಕಿವಿ ಯಾಕೆ?" ಎಂದರು ಬಚ್ಚಪ್ಪನವರು. ಉದ್ಘಾಟನೆಯ ಟೇಪು ಕತ್ತರಿಸುವ ಕತ್ತರಿಯಲ್ಲೇ ವೈರು ಕತ್ತರಿಸಲಾಯಿತು. ಸಮಿತಿ ಚಪ್ಪಾಳೆ ತಟ್ಟಿ ಊರಿಗೆ ಹೊರಟಿತು.

ಮಾರನೇ ದಿನ ಮೂವತ್ತು. ಪೆದ್ದಮ್ಮ ಬಾಗಿಲಲ್ಲೇ ನಿಂತಿದ್ದಳು. ಕೂರು ಅಂದರೂ ಕೂರಲಿಲ್ಲ. ರಾಧಾಮಣಿಗೆ ಆ ಮುಖ ನೋಡಲಾಗಲಿಲ್ಲ. ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎದೆಗವಚಿಕೊಂಡು ಕಚೇರಿಯಿಡೀ ಸಿಗ್ನಲ್ ಹುಡುಕುತ್ತ ತಿರುಗಿದಳು. ದಾಖಲೆ ಕೋಣೆಯಲ್ಲಿಲ್ಲ. ಮೆಟ್ಟಿಲ ಮೇಲಿಲ್ಲ. ಕೊನೆಗೆ ಸಿಕ್ಕಿದ್ದು ಉಪನಿರ್ದೇಶಕ ಕಾಂತರಾಜ್ ಸಾಹೇಬರ ಖಾಸಗಿ ಶೌಚಾಲಯದಲ್ಲಿ. ಕಟ್ಟಡದಲ್ಲಿ ಕೆಟ್ಟಿರದ ಪ್ಲಗ್ ಪಾಯಿಂಟ್ ಅದೊಂದೇ ಆದ್ದರಿಂದ ವೈಫೈ ಪೆಟ್ಟಿಗೆಯನ್ನು ಕಮೋಡಿನ ಮೇಲಿನ ಗೋಡೆಗೇ ಹೊಡೆದಿದ್ದರು.

ಅದರಿಂದ ಒಂದು ಮೊಳದೊಳಗೆ, ಕಿವಿ ಕತ್ತರಿಸಿದ ಕಾರ್ಡಿಗೂ ಎರಡು ಗೆರೆ ಸಿಗ್ನಲ್ ಬಂತು. ರಾಧಾಮಣಿ ಕಮೋಡಿನ ಮುಚ್ಚಳದ ಮೇಲೆ ಲ್ಯಾಪ್‌ಟಾಪು ಇಟ್ಟು, ಬಕೆಟ್ ಮಗುಚಿ ಕೂತಳು. "ಅವ್ವಾ, ಒಳಗೆ ಬಾ! ನಿನ್ ಫೋನಿಗೆ ಓಟಿಪಿ ಬಂತಾ ನೋಡು!"

ಐದು ಗಂಟೆಗೆ ಎರಡು ನಿಮಿಷ ಇರುವಾಗ ಪತ್ರ ಕಾಲೇಜಿಗೆ ಹೋಯಿತು. ರಾಧಾಮಣಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಪೆದ್ದಮ್ಮ ಅವಳ ಗಲ್ಲ ಸವರಿ, "ಎಲ್ಲಾದ್ರೇನು ತಾಯಿ, ನನ್ ಮಗೀಗೆ ದಾರಿ ಆಯ್ತಲ್ಲ," ಎಂದಳು.

ಮುಂದಿನ ವಾರ ಪ್ರಕಟಣೆ ಹೊರಬಿತ್ತು. ಸದರಿ ಶೌಚಾಲಯವನ್ನು 'ಸಾರ್ವಜನಿಕ ಸೇವಾ ಕೌಂಟರ್ – 2' ಎಂದು ಘೋಷಿಸಲಾಗಿದೆ. ಅರ್ಜಿ ಅಪ್‌ಲೋಡ್ ಆಗುವಾಗ ಯಾರೂ ಫ್ಲಶ್ ಎಳೆಯಬಾರದು. ಬಾಗಿಲಿಗೆ ಮಾವಿನ ತೋರಣ ಕಟ್ಟಿದರು. ಎದುರಿಗೆ ಬೆಂಚು ಬಂತು, ಜನ ಬಂದರು.

ಒಂದು ಮಧ್ಯಾಹ್ನ ಕಾಂತರಾಜ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ಅವಸರದಲ್ಲಿ ಬಂದರು. ರಾಧಾಮಣಿ ತಲೆಯೆತ್ತಿ, "ಸಾರ್, ಟೋಕನ್," ಎಂದಳು.

ಸಾಹೇಬರು ಹತ್ತೊಂಬತ್ತನೇ ಟೋಕನ್ ತಗೊಂಡು ಬೆಂಚಿನ ತುದಿಯಲ್ಲಿ ಕೂತರು. ಪಕ್ಕದಲ್ಲಿದ್ದ ಆಂಡರ್ಸನ್‌ಪೇಟೆಯ ಮುನಿಶಾಮಿ ವಿಚಾರಿಸಿದ: "ನಿಮ್ದು ಒಸ ಅರ್ಜೀನಾ ಸಾರ್, ತಿದ್ದುಪಡೀನಾ?"

ಸಾಹೇಬರು ಹಲ್ಲು ಕಚ್ಚಿ, "ತುರ್ತು," ಎಂದರು.

"ಇಲ್ಲಿ ಎಲ್ಲಾರ್ದೂ ತುರ್ತೇಯಾ ಸಾರ್," ಎಂದು ಮುನಿಶಾಮಿ ಸ್ವಲ್ಪ ಸರಿದು, ಸಾಹೇಬರು ಆರಾಮಾಗಿ ಕೂರಲು ಜಾಗ ಮಾಡಿಕೊಟ್ಟ.