ಮೂರನೇ ಬೆಂಚಿನ ಚಕ್ಕುಬಂದಿ

ಐದು ಮಂದಿಗೆಂದು ಮಾಡಿದ ಬೆಂಚಿನಲ್ಲಿ ಏಳು ಮಂದಿ ಕೂತ ಮೇಲೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಬಂದು ಮೇಷ್ಟರ ಮೇಜಿನ ಮುಂದೆ ನಿಲ್ಲುತ್ತವೆ.

ಎರಡು ಸಾವಿರದ ಇಸವಿಯ ಆಸುಪಾಸು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ರಾಮಮೂರ್ತಿ ನಗರ ಎಂಬ ಬಡಾವಣೆಯ ಒಂದು ಕನ್ನಡ ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ. ಬಡಾವಣೆ ಬೆಳೆದಿತ್ತು, ಶಾಲೆ ಬೆಳೆದಿರಲಿಲ್ಲ. ಎಂಟನೇ ತರಗತಿ ನನ್ನ ಪಾಲಿಗೆ ಬಂತು. ಅಲ್ಲಿನ ಒಂದು ದಿನದ ಕತೆ ಇದು.

ಹಾಜರಿ

ಒಬ್ಬೊಬ್ಬರ ಹೆಸರು ಕೂಗಿ ಮುಗಿಸುವಷ್ಟರಲ್ಲಿ ಅರ್ಧ ಪೀರಿಯಡ್ ಹೋಗುತ್ತಿತ್ತು. ಇದಕ್ಕೊಂದು ವಿಧಾನ ಬೇಕೆಂದು ಬೆಂಚಿಗೊಬ್ಬ ಲೀಡರ್ ಮಾಡಿದೆ. ಅವನು ಎದ್ದು ತನ್ನ ಬೆಂಚಿನ ಲೆಕ್ಕ ಒಪ್ಪಿಸಿದರೆ ಸಾಕು.

ಮುಂದಿನ ಬೆಂಚುಗಳೆಲ್ಲ ಸರಾಗವಾಗಿ ಮುಗಿದವು. ಕೊನೆಯ ಬೆಂಚಿನ ಲೀಡರ್ ಮಾತ್ರ ಏಳಲೇ ಇಲ್ಲ.

"ಯಾಕೋ, ಎದ್ದು ನಿಂತು ಹೇಳಕ್ಕಾಗಲ್ವಾ?"

"ಎಲ್ಲಾರೂ ಬಂದಿದಾರೆ ಸಾರ್. ನಾನೀಗ ಎದ್ರೆ ಮತ್ತೆ ಕೂರಕ್ಕೆ ಜಾಗ ಸಿಗಲ್ಲ."

ಗಡಿ

ಎರಡನೇ ಪೀರಿಯಡ್. ನಾನು ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆಯುತ್ತಿದ್ದೆ. ಹಿಂದಿನಿಂದ ಬಟ್ಟೆ ಹರಿದ ಸದ್ದು ಬಂತು. ತಿರುಗಿ ನೋಡಿದರೆ ಮೂರನೇ ಬೆಂಚಿನಲ್ಲಿ ಇಬ್ಬರು ಒಬ್ಬರ ಕಾಲರ್ ಒಬ್ಬರು ಹಿಡಿದಿದ್ದಾರೆ.

ಕಿಟಕಿ ಪಕ್ಕದವನು ಹಳೇ ಹಳ್ಳಿಯ ಜಮೀನುದಾರರ ಮೊಮ್ಮಗ. ಅವನ ಪಕ್ಕದವನು ಗದಗದ ಕಡೆಯಿಂದ ಬಂದು ಬಾಡಿಗೆ ಮನೆಯಲ್ಲಿದ್ದ ಡ್ರೈವರ್ ಒಬ್ಬರ ಮಗ. ಇಬ್ಬರ ನಡುವೆ ಡೆಸ್ಕಿನ ಮೇಲೆ ಕೈವಾರದಿಂದ ಆಳವಾಗಿ ಕೊರೆದ ಒಂದು ಗೆರೆ.

"ಇವನ ಮೊಣಕೈ ನಮ್ಮ ಜಾಗಕ್ಕೆ ಬಂತು ಸಾರ್," ಅಂದ ಕಿಟಕಿಯವನು.

"ನಿಮ್ಮ ಜಾಗ ಅಂತ ಯಾರು ಹೇಳಿದ್ರು?"

ಅವನು ಕೈಕಟ್ಟಿ ನಿಂತು ಪತ್ರ ಓದುವವನಂತೆ ಶುರು ಮಾಡಿದ: "ಪೂರ್ವಕ್ಕೆ ಕಿಟಕಿ, ಪಶ್ಚಿಮಕ್ಕೆ ಇವನು, ಉತ್ತರಕ್ಕೆ ಎರಡನೇ ಬೆಂಚು, ದಕ್ಷಿಣಕ್ಕೆ ನಾಲ್ಕನೇ ಬೆಂಚು. ಈ ಮಧ್ಯೆ ಇರೋದು ನಂದು ಸಾರ್. ಇದೇ ಚಕ್ಕುಬಂದಿ. ನಮ್ಮ ತಾತ ಹೊಲಕ್ಕೆಲ್ಲ ಹಿಂಗೇ ಬರ್ಸಿರೋದು."

ಗದಗದವನು ಸುಮ್ಮನಿರಲಿಲ್ಲ. "ಗೆರಿ ಇವನೇ ಕೊರದಾನ್ರೀ ಸರ. ವಾರಕ್ಕೊಮ್ಮೆ ಹೊಸಾ ಗೆರಿ ಕೊರದು ಈ ಕಡೆ ಸರಸ್ತಾನ."

ನಾನು ಸ್ಕೇಲ್ ತಂದು ಅಳೆದೆ. ಗೆರೆ ನಿಜಕ್ಕೂ ಸರಿದಿತ್ತು. ಒಬ್ಬ ಒತ್ತಿದ್ದಕ್ಕೆ ಇನ್ನೊಬ್ಬ ಒತ್ತಿ, ಅವನ ಪಕ್ಕದವನು ಇನ್ನಷ್ಟು ಸರಿದು, ಬೆಂಚಿನ ಆ ತುದಿಯಲ್ಲಿದ್ದ ಹುಡುಗ ಅರ್ಧ ಗಾಳಿಯಲ್ಲೇ ಕೂತಿದ್ದ.

"ನಿಂದೇನಪ್ಪ ದೂರು?" ಎಂದೆ.

"ನಂದು ಅರ್ಧ ಸೈಟು ರೋಡಿಗೆ ಹೋಯ್ತು ಸಾರ್."

ಅಯಸ್ಕಾಂತ

ನಾನು ಜೋರಾಗಿ ನಕ್ಕುಬಿಟ್ಟೆ. ಅದೇ ಹೊತ್ತಿಗೆ ಹೆಡ್‌ಮಿಸ್ ಬಾಗಿಲಲ್ಲಿ ನಿಂತಿದ್ದರು. ಅವರು ನಗಲಿಲ್ಲ. ಕಿಟಕಿಯವನ ಹರಿದ ಶರ್ಟು ನೋಡಿದರು.

"ಈ ತಿಂಗಳಲ್ಲಿ ಇವರದ್ದು ಎಷ್ಟನೇ ಜಗಳ ರೀ ಇದು? ಸಂಜೆಗೆ ಇಬ್ಬರ ತಾಯಂದಿರನ್ನೂ ಕರೆಸಿ. ನಿಮ್ಮ ಕೈಲಿ ರಾಜಿ ಮಾಡ್ಸಕ್ಕಾದ್ರೆ ಮಾಡ್ಸಿ. ಇಲ್ದಿದ್ರೆ ಇಬ್ಬರಿಗೂ ಟಿ.ಸಿ."

ಹುಡುಗರ ಮುಖ ಸಪ್ಪಗಾಯಿತು. ಗದಗದವನಂತೂ ಮನೆ ಬದಲಾಯಿಸಿದಂತೆಲ್ಲ ಶಾಲೆ ಬದಲಾಯಿಸಿ ಬಂದವನು. ವರ್ಷದ ನಡುವೆ ಟಿ.ಸಿ. ಹಿಡಿದು ಹೋದರೆ ಯಾರೂ ಸೇರಿಸಿಕೊಳ್ಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇಬ್ಬರನ್ನೂ ಕಳೆದುಕೊಳ್ಳಲು ನನಗೂ ಮನಸ್ಸಿರಲಿಲ್ಲ. ನಾನು ಪ್ರಶ್ನೆ ಕೇಳಿದಾಗ ತಪ್ಪಾದರೂ ಸರಿ, ಉತ್ತರ ಹೇಳುತ್ತಿದ್ದವರು ಅವರಿಬ್ಬರೇ.

ಮಧ್ಯಾಹ್ನ ಇಬ್ಬರ ಕೈಗೂ ಒಂದೊಂದು ಅಯಸ್ಕಾಂತ ಕೊಟ್ಟು, ಒಟ್ಟಿಗೆ ಪ್ರಯೋಗ ಮಾಡಿ ಎಂದೆ. ಉತ್ತರಕ್ಕೆ ಉತ್ತರ ತಂದರೆ ದೂರ ಹೋಗುತ್ತದೆ, ಉತ್ತರಕ್ಕೆ ದಕ್ಷಿಣ ತಂದರೆ ಅಂಟಿಕೊಳ್ಳುತ್ತದೆ. ಇದರಿಂದ ಏನು ತಿಳಿಯಿತು ಎಂದು ಕೇಳಿದೆ. ಹೊಂದಿಕೊಂಡು ಬಾಳಬೇಕು ಎಂಬಂಥ ಉತ್ತರ ಬರಬಹುದೆಂದು ನನ್ನ ನಿರೀಕ್ಷೆ.

ಗದಗದವನು ಬಹಳ ಯೋಚಿಸಿ ಹೇಳಿದ: "ಇಬ್ಬರೂ ಬೋರ್ಡ್ ಕಡೀಗೇ ಮಾರಿ ಮಾಡಿ ಕುಂತದ್ದೇ ತಪ್ಪಾಗೇತ್ರೀ ಸರ. ಒಬ್ಬನ್ನ ತಿರುಗಿಸಿ ಕೂಡ್ರಸ್ರಿ."

ರಾಜಿ

ಸಂಜೆ ಇಬ್ಬರು ತಾಯಂದಿರೂ ಬಂದರು. ಟಿ.ಸಿ. ವಿಷಯ ಆಗಲೇ ಅವರ ಕಿವಿಗೆ ಬಿದ್ದಿತ್ತು. ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂರಿಸಿದೆ. ಮಕ್ಕಳು ಗೋಡೆ ಪಕ್ಕ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಜಮೀನುದಾರರ ಮನೆಯಾಕೆ ಶುರು ಮಾಡಿದರು.

"ತಪ್ಪೆಲ್ಲ ನಮ್ಮೋನದೇ ಸಾರ್. ಮನೇಲೂ ಹಿಂಗೇ ಆಡ್ತಾನೆ."

"ಇಲ್ಲ ಬಿಡ್ರೀ ಅಕ್ಕಾರ," ಅಂದರು ಗದಗದ ತಾಯಿ, "ನಮ್ಮ ಹುಡುಗನೇ ಮೊದಲ ಹೊಡದಿರ್ತಾನ. ಅವನ ಕೈ ಸುಮ್ಮನಿರೂದಿಲ್ಲ."

ಇಷ್ಟು ಸಲೀಸಾಗಿ ಮುಗಿಯುತ್ತದೆಂದು ನಾನು ಎಣಿಸಿರಲಿಲ್ಲ. ಮುಗಿಯಲೂ ಇಲ್ಲ.

"ಅಯ್ಯೋ, ನಿಮ್ಮ ಹುಡ್ಗ ಪಾಪ ಸಾಧು ಕಣ್ರೀ. ಮುಖ ನೋಡಿದ್ರೇ ಗೊತ್ತಾಗುತ್ತೆ. ಅವನೆಲ್ಲಿ ಹೊಡೀತಾನೆ?"

"ಸಾಧು ಅಂದ್ರ? ಕೈಲಾಗದವ ಅಂತೀರೇನು?"

"ನಾನ್ಯಾವಾಗ ಹಂಗಂದೆ? ನಮ್ಮೋನು ಸ್ವಲ್ಪ ಗಟ್ಟಿ ಅಂದೆ ಅಷ್ಟೆ."

"ಗಟ್ಟಿ ಇದ್ರ ಅವನ ಅಂಗಿ ಯಾಕ ಹರೀತ್ರಿ?"

"ಏನ್ರೀ ಇದು, ತಪ್ಪು ನಮ್ದು ಅಂತ ಒಪ್ಕೊಂಡ್ರೆ ಮೇಲೇನೇ ಬರ್ತೀರಲ್ಲ!"

ಇಬ್ಬರೂ ಎದ್ದು ನಿಂತರು. ಸೆರಗು ಸೊಂಟಕ್ಕೆ ಬಂತು. ಪಕ್ಕದ ತರಗತಿಯ ಕಿಟಕಿಗಳಲ್ಲಿ ತಲೆಗಳು ಕಾಣಿಸಿದವು. ನಾನು ಕೈ ಎತ್ತಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಹುಡುಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುಕ್ಷಣ ಓಡಿಬಂದು ತಂತಮ್ಮ ತಾಯಿಯನ್ನು ಬೆಂಚಿನ ಒಂದೊಂದು ತುದಿಗೆ ಎಳೆದು ಕೂರಿಸಿದರು. ತಾವು ನಡುವೆ ಭುಜಕ್ಕೆ ಭುಜ ತಾಗಿಸಿ ಅಡ್ಡ ಕೂತರು.

"ಅಮ್ಮಾ, ಸುಮ್ನಿರು. ಹೆಡ್‌ಮಿಸ್ ಬರ್ತಾರೆ."

"ಅವ್ವಾ, ನೀರ ಕುಡಿ."

ಹೆಡ್‌ಮಿಸ್ ಬಂದೇಬಿಟ್ಟರು. ಆ ಕಡೆಯ ತಾಯಿಯನ್ನು ನೋಡಿದರು, ಈ ಕಡೆಯ ತಾಯಿಯನ್ನು ನೋಡಿದರು. "ಏನ್ರೀ ಮೇಷ್ಟ್ರೇ, ಇದೇನಾ ನಿಮ್ಮ ರಾಜಿ?"

ಹುಡುಗರಿಬ್ಬರೂ ಒಟ್ಟಿಗೆ ಎದ್ದು ಕೈಕಟ್ಟಿ ನಿಂತರು. ಕಿಟಕಿ ಪಕ್ಕದವನು ಇಬ್ಬರ ಪರವಾಗಿ ಹೇಳಿದ:

"ಇದೊಂದ್ಸಲ ಬಿಟ್ಬಿಡಿ ಮಿಸ್. ಇನ್ಮೇಲೆ ಇವರು ಜಗಳ ಆಡಲ್ಲ. ನಾವು ನೋಡ್ಕೋತೀವಿ."